ಸಂಬಳ ಜಾಸ್ತಿ ಕೇಳೋ ಮುಂಚೆ ಟ್ಯಾರೋ ಕಾರ್ಡ್ ನೋಡಬಹುದಾ?

ಪ್ರಶ್ನೆ: ಅಪ್ರೈಸಲ್ ಹತ್ತಿರ ಬಂತು. ಮೂರು ವರ್ಷದಿಂದ ಒಂದೇ ಕಂಪನಿಯಲ್ಲಿ ಇದ್ದೇನೆ, ಹೈಕ್ ಹೆಸರಿಗಷ್ಟೇ ಆಗಿದೆ. ಈ ಸಲ ಮ್ಯಾನೇಜರ್ ಹತ್ತಿರ ಬಾಯಿಬಿಟ್ಟು ಕೇಳಬೇಕು ಅಂತಿದ್ದೇನೆ, ಆದರೆ ಎದುರು ಕೂತರೆ ಮಾತೇ ಹೊರಡಲ್ಲ. ಮನೆಯಲ್ಲಿ ಟ್ಯಾರೋ ಕಾರ್ಡ್, ಅಂದರೆ ಭವಿಷ್ಯ ನೋಡೋಕೆ ಬಳಸುವ ಚಿತ್ರದ ಕಾರ್ಡ್ ಇದೆ. ಅದನ್ನು ನೋಡಿಕೊಂಡು ಹೋದರೆ ಏನಾದರೂ ಉಪಯೋಗ ಇದೆಯಾ?

ಇದೆ. ಆದರೆ ‘ಹೈಕ್ ಸಿಗುತ್ತಾ, ಇಲ್ವಾ’ ಅಂತ ಕೇಳೋಕಲ್ಲ. ನಿಮ್ಮ ಟೀಮಿಗೆ ಈ ವರ್ಷ ಎಷ್ಟು ಬಜೆಟ್ ಬಂದಿದೆ, ಅದರಲ್ಲಿ ಮ್ಯಾನೇಜರ್ ಕೈಯಲ್ಲಿ ಎಷ್ಟಿದೆ ಅನ್ನೋದು ರಟ್ಟಿನ ಕಾರ್ಡಿಗೆ ಹೇಗೆ ಗೊತ್ತಾಗಬೇಕು? ಗಿಣಿಶಾಸ್ತ್ರದವನ ಗಿಣಿಗೂ ಗೊತ್ತಾಗಲ್ಲ. ಕಾರ್ಡಿನಿಂದ ಆಗುವ ಕೆಲಸ ಬೇರೆ. ಕೇಳುವಾಗ ನೀವು ಯಾವ ಭಂಗಿಯಲ್ಲಿ ನಿಲ್ಲುತ್ತೀರಿ, ಯಾವ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ ಅನ್ನೋದನ್ನು ಚಿತ್ರ ನೋಡುತ್ತಾ ಪತ್ತೆ ಹಚ್ಚಬಹುದು. ಅಷ್ಟಕ್ಕೆ ಅದು ಸಾಕು.

ಹಾಗೆ ನೋಡಿದರೆ ಟ್ಯಾರೋ ಹುಟ್ಟಿದ್ದೇ ಭವಿಷ್ಯಕ್ಕಲ್ಲ. 1440ರ ಹೊತ್ತಿಗೆ ಇಟಲಿಯ ಫೆರಾರಾ, ಮಿಲಾನ್ ಕಡೆಯ ಶ್ರೀಮಂತರು ಆಡುತ್ತಿದ್ದ ಇಸ್ಪೀಟಿನಂಥ ಆಟ ಅದು. ಇದರಲ್ಲಿ ಈಜಿಪ್ಟಿನ ಗುಪ್ತವಿದ್ಯೆ ಅಡಗಿದೆ ಅಂತ ಕೂರ್ ದ ಜೆಬೆಲಾಂ ಎಂಬ ಫ್ರಾನ್ಸಿನ ವಿದ್ವಾಂಸ ಬರೆದದ್ದು 1781ರಲ್ಲಿ. ಪುರಾವೆ ಏನೂ ಇರಲಿಲ್ಲ, ಆದರೂ ಮಾತು ನಿಂತುಬಿಟ್ಟಿತು.

ನಿಮ್ಮ ಮನೆಯಲ್ಲಿರುವುದು ಬಹುಶಃ ರೈಡರ್-ವೇಟ್ ಕಟ್ಟು, ಅಥವಾ ಅದನ್ನು ನೋಡಿ ಬಿಡಿಸಿದ್ದು. 1909ರಲ್ಲಿ ಲಂಡನ್‌ನಲ್ಲಿ ಹೊರಬಂತು. 78 ಕಾರ್ಡ್, ಅದರಲ್ಲಿ 22 ‘ಮೇಜರ್’, 56 ‘ಮೈನರ್’ ಗುಂಪಿನವು. ರೈಡರ್ ಪ್ರಕಾಶಕರು, ವೇಟ್ ಬರಹಗಾರ. ಚಿತ್ರ ಬಿಡಿಸಿದ್ದು ಮಾತ್ರ ಪಮೇಲಾ ಕೋಲ್ಮನ್ ಸ್ಮಿತ್ ಎಂಬಾಕೆ. ‘ದೊಡ್ಡ ಕೆಲಸ ಮುಗಿಸಿದೆ, ಸಿಕ್ಕಿದ ದುಡ್ಡು ತೀರಾ ಕಮ್ಮಿ’ ಎಂಬ ಅರ್ಥದ ಮಾತನ್ನು ಆಕೆ ಅದೇ ವರ್ಷ ನ್ಯೂಯಾರ್ಕಿನ ಫೋಟೋಗ್ರಾಫರ್ ಆಲ್ಫ್ರೆಡ್ ಸ್ಟೀಗ್ಲಿಟ್ಜ್‌ಗೆ ಬರೆದಿದ್ದರು. ರಾಯಲ್ಟಿ ಸಿಗಲಿಲ್ಲ. ಕಟ್ಟಿನ ಹೆಸರಲ್ಲೂ ಆಕೆ ಇಲ್ಲ. 1951ರಲ್ಲಿ ಇಂಗ್ಲೆಂಡಿನ ಬ್ಯೂಡ್ ಎಂಬ ಊರಿನಲ್ಲಿ ತೀರಿಕೊಂಡಾಗ ಸಾಲ ತೀರಿಸಲು ಮನೆಯ ಸಾಮಾನು ಮಾರಬೇಕಾಯಿತು. ಸಂಬಳದ ಮಾತಿಗೆ ಈ ಕಾರ್ಡು ಹಿಡಿದು ಕೂರುವವರಿಗೆ ಇಷ್ಟು ಗೊತ್ತಿರಬೇಕು ಅನ್ನೋದು ನನ್ನ ಅಭಿಪ್ರಾಯ. ಕೆಲಸ ಎಷ್ಟೇ ಚೆನ್ನಾಗಿ ಮಾಡಿದರೂ ದುಡ್ಡು ತಾನಾಗಿ ನಡೆದು ಬರಲ್ಲ.

‘ಆದರೆ ನನಗೆ ಬಂದ ಕಾರ್ಡ್ ನನ್ನದೇ ಕಥೆ ಹೇಳುತ್ತೆ’ ಅನ್ನುವವರಿದ್ದಾರೆ. ಹೇಳೇ ಹೇಳುತ್ತದೆ. ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1949ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 39 ವಿದ್ಯಾರ್ಥಿಗಳಿಗೆ ‘ಇದು ನಿನ್ನ ಸ್ವಭಾವ’ ಅಂತ ಒಂದೊಂದು ಹಾಳೆ ಕೊಟ್ಟರು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ. ಆದರೂ ಅದು ತಮಗೆ ಎಷ್ಟು ಹೊಂದುತ್ತದೆ ಅಂತ ಅವರು ಕೊಟ್ಟ ಅಂಕ ಸರಾಸರಿ 5ಕ್ಕೆ 4.26. ಗಟ್ಟಿ ಅರ್ಥ ಇಲ್ಲದ ಮಾತಿಗೆ ನಮ್ಮ ಬದುಕನ್ನು ನಾವೇ ತುಂಬಿಕೊಳ್ಳುತ್ತೇವೆ. ಭವಿಷ್ಯ ನಂಬುವವರಿಗೆ ಇದು ಗುಂಡಿ. ನಮಗೆ ಇದೇ ಬಂಡವಾಳ. ಏನು ತುಂಬಿಕೊಂಡಿರಿ ಅನ್ನೋದನ್ನು ಬರೆದಿಟ್ಟುಕೊಂಡರೆ ಆಯಿತು.

ಕಟ್ಟು ತೆಗೆಯುವ ಮೊದಲು ಲೆಕ್ಕ ಮುಗಿಸಿ. ಎರಡೂ ಬೆರೆತರೆ ಕೆಟ್ಟಿತು. ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು ಬೇರೆ, ಕೈಗೆ ಬರೋದು ಬೇರೆ. ಬಹಳಷ್ಟು ಕಂಪನಿಗಳು ತಾವು ಕಟ್ಟುವ ಪಿಎಫ್, ಬೇಸಿಕ್‌ನ (ಮೂಲ ವೇತನದ) 4.81% ಗ್ರಾಚ್ಯುಟಿ, ಕೆಲಸ ನೋಡಿ ಕೊಡುವ ವೇರಿಯಬಲ್ ಪೇ ಎಲ್ಲವನ್ನೂ ಸಿಟಿಸಿಯೊಳಗೇ ಸೇರಿಸಿರುತ್ತವೆ. ‘15 ಪರ್ಸೆಂಟ್ ಕೊಡಿ’ ಅಂದರೆ ಯಾವುದರ ಮೇಲೆ ಅನ್ನೋದು ನಿಮಗೇ ಸ್ಪಷ್ಟ ಇರಬೇಕು. ನಿಮ್ಮಷ್ಟೇ ಅನುಭವ ಇರುವವರಿಗೆ ಹೊರಗೆ ಎಷ್ಟು ಕೊಡುತ್ತಿದ್ದಾರೆ ಅಂತ ಹಳೇ ಸಹೋದ್ಯೋಗಿಗಳನ್ನು ವಿಚಾರಿಸಿ. ವರ್ಷದಲ್ಲಿ ಏನೇನು ಮಾಡಿದಿರಿ ಅನ್ನೋದನ್ನು ಅಂಕಿ ಸಮೇತ ಬರೆಯಿರಿ. ಆಮೇಲೆ ಕಾರ್ಡು.

ಇಲ್ಲಿ ಕಾರ್ಡ್ ಓದುವವರು ಒಪ್ಪದ ಮಾತು ಒಂದು ಹೇಳುತ್ತೇನೆ: ಕಲೆಸಿ ಎಳೆಯಬೇಡಿ. ಮುಖ ಮೇಲೆ ಮಾಡಿ ಹರಡಿ, ನೋಡಿ ಆರಿಸಿ. ಎಳೆದರೆ ಸಾವಿನ ಕಾರ್ಡೋ ಗೋಪುರ ಉರುಳುವ ಕಾರ್ಡೋ ಬಂದು, ಸುಮ್ನೆ ರಾತ್ರಿಯ ನಿದ್ದೆ ಹಾಳು. ಸಂಬಳದ ವಿಷಯಕ್ಕೆ ಪೆಂಟಕಲ್ಸ್, ಅಂದರೆ ನಾಣ್ಯಗಳ ಗುಂಪಿನ 14 ಕಾರ್ಡ್ ಸಾಕು.

ಮೊದಲು ಆರು ನಾಣ್ಯದ ಕಾರ್ಡ್ ತೆಗೆಯಿರಿ. ಒಬ್ಬ ಸಾಹುಕಾರ ನಿಂತಿದ್ದಾನೆ. ಒಂದು ಕೈಯಲ್ಲಿ ತಕ್ಕಡಿ. ಇನ್ನೊಂದು ಕೈಯಿಂದ ಚಿಲ್ಲರೆ ಉದುರಿಸುತ್ತಿದ್ದಾನೆ. ಕೆಳಗೆ ಇಬ್ಬರು ಮಂಡಿಯೂರಿ ಕೈ ಚಾಚಿದ್ದಾರೆ. ಪುಸ್ತಕದಲ್ಲಿ ಇದಕ್ಕೆ ದಾನ, ಉದಾರತೆ ಅಂತೆಲ್ಲ ಅರ್ಥ ಇರುತ್ತದೆ, ಅದು ಬಿಡಿ. ಮ್ಯಾನೇಜರ್ ರೂಮಿನಲ್ಲಿ ನೀವು ಈ ಚಿತ್ರದಲ್ಲಿ ಎಲ್ಲಿದ್ದೀರಿ? ‘ಸಾರ್, ಮನೆ ಬಾಡಿಗೆ ಏರಿದೆ, ಮಗಳ ಸ್ಕೂಲ್ ಫೀಸು ಬೇರೆ, ಸ್ವಲ್ಪ ನೋಡಿ ಸಾರ್’ ಅನ್ನುವವರು ಮಂಡಿಯೂರಿದವರ ಸಾಲಿನಲ್ಲಿದ್ದಾರೆ. ತಕ್ಕಡಿ ಕೊಡುವವನ ಕೈಯಲ್ಲೇ ಇದೆ, ತೂಕಕ್ಕೆ ಹಾಕಲು ಇವರು ಏನೂ ತಂದಿಲ್ಲ. ಬಾಡಿಗೆ ಏರಿದ್ದು ನಿಜವೇ. ಆದರೆ ಅದು ಕಂಪನಿ ತೂಗುವ ವಸ್ತು ಅಲ್ಲ.

ಅದರ ಪಕ್ಕದಲ್ಲಿ ಮೂರು ನಾಣ್ಯದ ಕಾರ್ಡ್ ಇಡಿ. ಚರ್ಚಿನ ಕಮಾನಿನ ಕೆಳಗೆ ಒಬ್ಬ ಶಿಲ್ಪಿ ಬೆಂಚಿನ ಮೇಲೆ ನಿಂತಿದ್ದಾನೆ, ಕೈಯಲ್ಲಿ ಉಪಕರಣ. ಎದುರಿಗೆ ಇಬ್ಬರು ನಕ್ಷೆ ಹಿಡಿದುಕೊಂಡು ಮಾತಾಡುತ್ತಿದ್ದಾರೆ. ಯಾರೂ ಮಂಡಿಯೂರಿಲ್ಲ. ದುಡ್ಡು ಕೊಡುವವರು, ಕೆಲಸ ಮಾಡುವವನು, ಎಲ್ಲರ ಮಾತೂ ಕೆಲಸದ ಮೇಲೇ ಇದೆ. ಈಗ ನಿಮ್ಮ ಮೊದಲ ವಾಕ್ಯವನ್ನು ಈ ಕಾರ್ಡಿನಿಂದ ಬರೆಯಿರಿ: ‘ಹೋದ ವರ್ಷ ನನ್ನ ಕೈಯಲ್ಲಿ ಎರಡು ಕ್ಲೈಂಟ್ ಇದ್ದವು, ಈಗ ಐದಿವೆ. ಹೊಸಬರಿಬ್ಬರಿಗೆ ನಾನೇ ಕೆಲಸ ಕಲಿಸಿದ್ದೇನೆ. ಈ ಜವಾಬ್ದಾರಿಗೆ ತಕ್ಕಂತೆ ನನ್ನ ಫಿಕ್ಸೆಡ್ ಪೇ ಇಷ್ಟಾಗಬೇಕು.’ ಇಷ್ಟು ಅಂದಮೇಲೆ ಬಾಯಿ ಮುಚ್ಚಿ ಕೂರಬೇಕು. ‘ನೋಡಿ, ನಿಮ್ಮಿಷ್ಟ’ ಅಂತ ನಾವೇ ಬಾಲ ಸೇರಿಸಿ ಕೆಡಿಸುತ್ತೇವೆ, ಅಲ್ವಾ?

ನಾಲ್ಕು ನಾಣ್ಯದ ಕಾರ್ಡನ್ನು ಮ್ಯಾನೇಜರ್ ಅಂದುಕೊಳ್ಳಿ. ಅದರಲ್ಲಿ ಕೂತವನ ಕಿರೀಟದ ಮೇಲೆ ಒಂದು ನಾಣ್ಯ, ಎದೆಗವಚಿಕೊಂಡದ್ದು ಒಂದು, ಎರಡು ಪಾದಗಳ ಕೆಳಗೆ ಎರಡು. ಅಲ್ಲಾಡಿದರೆ ಒಂದು ಬಿದ್ದೇ ಬೀಳುತ್ತದೆ. ಅವನನ್ನು ಜಿಪುಣ ಅನ್ನುವುದು ಸುಲಭ. ಮೇಲಿನವರು ಕೊಟ್ಟ ಪರ್ಸೆಂಟನ್ನೇ ಇಡೀ ಟೀಮಿಗೆ ಹಂಚಬೇಕಾದವನೂ ಹೀಗೇ ಕೂತಿರುತ್ತಾನೆ. ಅಲ್ಲಾಡದೇ ಅವನು ಏನು ಕೊಡಬಹುದು ಅಂತ ಯೋಚಿಸಿ: ಹುದ್ದೆಯ ಹೆಸರು, ಆರು ತಿಂಗಳಿಗೆ ಇನ್ನೊಂದು ರಿವ್ಯೂ, ವಾರಕ್ಕೆರಡು ದಿನ ಮನೆಯಿಂದ ಕೆಲಸ, ಕೋರ್ಸಿನ ಖರ್ಚು. ನಿಮ್ಮ ಪಟ್ಟಿಯಲ್ಲಿ ಇವುಗಳಲ್ಲಿ ಎರಡಾದರೂ ಇರಲಿ.

ಎಷ್ಟು ಕೇಳಬೇಕು, ಯಾವ ದಿನ ಕೇಳಬೇಕು, ರಾಜೀನಾಮೆ ಕೊಡಬೇಕಾ ಅನ್ನೋದನ್ನು ಮಾತ್ರ ಕಾರ್ಡಿಗೆ ಬಿಡಬೇಡಿ. ಯಾರಾದರೂ ಕಾರ್ಡ್ ಓದುವವರ ಹತ್ತಿರ ಹೋಗಿ, ಅವರು ‘ಅಡ್ಡಿ ಇದೆ, ಪರಿಹಾರ ಮಾಡಿಸಿ’ ಅಂತ ಇನ್ನಷ್ಟು ದುಡ್ಡು ಕೇಳಿದರೆ ಎದ್ದು ಬನ್ನಿ.

‘ಈ ಸಲ ಆಗಲ್ಲ’ ಅನ್ನೋ ಉತ್ತರಕ್ಕೂ ಮಾತು ರೆಡಿ ಇರಲಿ. ಯಾವುದು ಆದರೆ ಆಗುತ್ತದೆ, ಮತ್ತೆ ಯಾವಾಗ ಕೂತು ಮಾತಾಡೋಣ, ಈ ಎರಡನ್ನು ಅಲ್ಲೇ ಕೇಳಿ. ಅದೇ ದಿನ ಸಂಜೆಯೊಳಗೆ ‘ನಾವು ಮಾತಾಡಿದ್ದು ಇಷ್ಟು’ ಅಂತ ನಾಲ್ಕು ಸಾಲಿನ ಮೇಲ್ ಹಾಕಿಬಿಡಿ. ಮುಂದಿನ ರಿವ್ಯೂ ಹೊತ್ತಿಗೆ ಮ್ಯಾನೇಜರ್ ಬದಲಾಗಿದ್ದರೂ ಆ ಮೇಲ್ ಇರುತ್ತದೆ.