ಕಲ್ಲಣಬೆಗೆ ಕೊಡೆಯೇ ಇಲ್ಲ, ಅದು ಯಾವ ಗುಂಪಿನದ್ದು?

ಪ್ರಶ್ನೆ: ಮಳೆ ಹಿಡಿದ ಕೂಡಲೇ ನಮ್ಮ ಕರಾವಳಿ ಕಡೆ ಕಲ್ಲಣಬೆ ಮಾರಾಟಕ್ಕೆ ಬರುತ್ತದೆ. ಕೊಡೆ ಇಲ್ಲ, ಕಾಲಿಲ್ಲ, ಬರೀ ಉಂಡೆ. ಇದು ಪಫ್‌ಬಾಲ್ (ಒತ್ತಿದರೆ ಪುಡಿ ಏಳುವ ಉಂಡೆ ಅಣಬೆ) ಅಲ್ವಾ?

ಉತ್ತರ: ಅಲ್ಲ. ನೋಡೋಕೆ ಹಾಗೆ ಕಾಣುತ್ತದೆ, ಅಷ್ಟೇ. ತುಳುವಿನಲ್ಲಿ ಕಲ್ಲಲಾಂಬು ಅನ್ನುವ ಇದು ಆಸ್ಟ್ರೇಯಸ್ ಕುಲದ ಅಣಬೆ.

ಒಂದು ಎಳೆಯ ಉಂಡೆ ಕೊಯ್ದು ನೋಡಿ. ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಬೆಳ್ಳಗಿನ ತಿರುಳು. ಬಲಿತರೆ ಆ ತಿರುಳೇ ಕಪ್ಪಾಗಿ ಪುಡಿಯಾಗುತ್ತದೆ. ಆ ಪುಡಿಯೇ ಬೀಜಕ, ಅಂದರೆ ಹೊಸ ಅಣಬೆ ಹುಟ್ಟಿಸುವ ಕಣ. ಹೀಗೆ ಬೀಜಕವನ್ನು ಮುಚ್ಚಿದ ಚೀಲದೊಳಗೆ ಬೆಳೆಸುವ ಅಣಬೆಗಳನ್ನೆಲ್ಲ ಸ್ವೀಡನ್ನಿನ ಎಲಿಯಾಸ್ ಫ್ರೀಸ್ 1821ರಷ್ಟು ಹಿಂದೆಯೇ ಒಟ್ಟಿಗೆ ಸೇರಿಸಿದ್ದರು. ಗ್ಯಾಸ್ಟರೋಮೈಸೀಟ್ಸ್ ಅನ್ನುವ ಆ ಗುಂಪು ಪುಸ್ತಕಗಳಲ್ಲಿ ನೂರೈವತ್ತು ವರ್ಷಕ್ಕೂ ಜಾಸ್ತಿ ಹಾಗೇ ಉಳಿಯಿತು.

ಡಿಎನ್‌ಎ ನೋಡಲು ಶುರುಮಾಡಿದ ಮೇಲೆ ಗುಂಪು ಚದುರಿತು. ಪಫ್‌ಬಾಲ್ ಹೋಗಿ ಅಂಗಡಿಯ ಬಟನ್ ಅಣಬೆ ಇರುವ ಅಗಾರಿಕೇಲ್ಸ್ ಗಣ ಸೇರಿತು. ನಮ್ಮ ಕಲ್ಲಣಬೆ ಬೊಲಿಟೇಲ್ಸ್ ಅನ್ನುವ ಇನ್ನೊಂದು ಗಣಕ್ಕೆ ಹೋಯಿತು. ತಮಾಷೆ ಅಂದರೆ, ಆಸ್ಟ್ರೇಯಸ್ ಬಲಿತಾಗ ಹೊರಸಿಪ್ಪೆ ನಕ್ಷತ್ರದ ಹಾಗೆ ಸೀಳುತ್ತದೆ, ಒದ್ದೆಯಾದರೆ ಬಿಚ್ಚಿಕೊಳ್ಳುತ್ತದೆ, ಒಣಗಿದರೆ ಮುದುಡುತ್ತದೆ. ಇದೇ ರೀತಿ ನಕ್ಷತ್ರವಾಗುವ ಜಿಯಾಸ್ಟ್ರಮ್ ಮಾತ್ರ ಬೇರೆಯದೇ ಗಣದ್ದು. ಅಂದರೆ ಚೀಲ ಕಟ್ಟುವ ರೂಢಿ ಒಂದೇ ಮನೆತನದಿಂದ ಬಂದದ್ದಲ್ಲ, ಬೇರೆ ಬೇರೆ ಅಣಬೆಗಳಿಗೆ ಬೇರೆ ಬೇರೆ ಕಾಲದಲ್ಲಿ ಬಂದದ್ದು.

ಬಾಗಿಲು ಹಾಕಿಕೊಂಡರೆ ಬೀಜಕ ಹೊರಗೆ ಹೋಗುವುದು ಹೇಗೆ? ಕೊಡೆ ಅಣಬೆ ತನ್ನ ಬೀಜಕವನ್ನು ತಾನೇ ಚಿಮ್ಮಿಸುತ್ತದೆ. ಚೀಲದ ಅಣಬೆಗಳು ಆ ಶಕ್ತಿ ಕಳೆದುಕೊಂಡಿವೆ, ಇನ್ನೊಬ್ಬರ ಸಹಾಯ ಬೇಕು. ಪಫ್‌ಬಾಲ್ ಮೇಲೆ ಮಳೆಹನಿ ಬಿದ್ದರೆ ಮೇಲಿನ ತೂತಿನಿಂದ ಬುಸ್ಸೆಂದು ಪುಡಿ ಏಳುತ್ತದೆ. ಸಯಾಥಸ್ ಅನ್ನುವುದು ಪುಟ್ಟ ಬಟ್ಟಲು, ಒಳಗೆ ಮೊಟ್ಟೆಯಂಥ ಬೀಜಕದ ಪೊಟ್ಟಣಗಳು. ಹನಿ ಬಿದ್ದ ಹೊಡೆತಕ್ಕೆ ಅವು ಹೊರಗೆ ಹಾರುತ್ತವೆ. ಫಾಲಸ್ ಕೊಳೆತ ವಾಸನೆ ಬೀರಿ ನೊಣ ಕರೆಯುತ್ತದೆ. ರೈಜೊಪೊಗಾನ್ ಮಣ್ಣೊಳಗೇ ಇದ್ದು, ಅಗೆದು ತಿನ್ನುವ ಪ್ರಾಣಿಗಾಗಿ ಕಾಯುತ್ತದೆ.

ಗ್ಯಾಸ್ಟರೋಮೈಸೀಟ್ಸ್ ಹೆಸರು ಈಗಲೂ ಕೇಳಿಬರುತ್ತದೆ, ಮಾತಿನ ಅನುಕೂಲಕ್ಕೆ. ವರ್ಗೀಕರಣದಲ್ಲಿ ಅದಕ್ಕೆ ಜಾಗವಿಲ್ಲ.

ಅಡುಗೆಮನೆಗೆ ತರುವವರಿಗೆ ಒಂದು ಮಾತು. ಕಲ್ಲಣಬೆಯ ಹತ್ತಿರದ ನೆಂಟ ಸ್ಕ್ಲೆರೋಡರ್ಮಾ ಕೂಡ ಉಂಡೆಯೇ, ಆದರೆ ಅದನ್ನು ತಿಂದರೆ ವಾಂತಿ, ಹೊಟ್ಟೆನೋವು. ಅದರ ತಿರುಳು ಬೇಗನೆ ನೇರಳೆಗಪ್ಪಾಗುತ್ತದೆ, ಆದರೆ ತೀರಾ ಎಳೆಯದರಲ್ಲಿ ಅದೂ ಬಿಳಿಯೇ. ಕೊಯ್ದಾಗ ಒಳಗೆ ಪುಟ್ಟ ಕೊಡೆಯ ಆಕಾರ ಕಂಡರಂತೂ ಅದು ಉಂಡೆ ಅಣಬೆಯೇ ಅಲ್ಲ, ಮೊಟ್ಟೆ ಹಂತದ ಅಮಾನಿಟಾ ಇರಬಹುದು, ಅದರಲ್ಲಿ ಜೀವ ತೆಗೆಯುವ ಜಾತಿಗಳಿವೆ. ಹಾಗಾಗಿ ಬಣ್ಣ ನೋಡಿ ಸುಮ್ನೆ ಊಹೆ ಮಾಡಬೇಡಿ, ವರ್ಷವರ್ಷ ಕಾಡಿಂದ ಆರಿಸಿ ಗೊತ್ತಿರುವವರ ಕೈಗೇ ಕೊಟ್ಟು ತೋರಿಸಿ.