ಐದನೆಯ ತಿಂಗಳಿಗೇ ಏಳು ಕಿಲೋ ಏರಿದೆ, ರಾತ್ರಿ ಊಟ ಬಿಡಲೇ?

ಪ್ರಶ್ನೆ: ನಾವು ವಿಜಯಪುರದ ಕಡೆಯವರು, ಈಗ ಪುಣೆಯ ಹಡಪಸರದಲ್ಲಿದ್ದೇವೆ. ನನಗೆ ಐದು ತಿಂಗಳು ತುಂಬಿದೆ, ಚೊಚ್ಚಲ ಬಸಿರು. ಎತ್ತರ 155 ಸೆಂಟಿಮೀಟರ್. ಮೊದಲು 52 ಕಿಲೋ ಇದ್ದವಳು ಈಗ 59 ಆಗಿದ್ದೇನೆ. "ಇಬ್ಬರ ಊಟ ಉಣ್ಣಬೇಕವ್ವಾ" ಎಂದು ಅತ್ತೆಯವರು ಇನ್ನೊಂದು ರೊಟ್ಟಿ ಹಾಕುತ್ತಾರೆ. ತೂಕ ಸ್ವಲ್ಪ ಬೇಗ ಏರುತ್ತಿದೆ ಎಂದು ಡಾಕ್ಟರು ಹೇಳಿದ್ದಾರೆ. ರಾತ್ರಿ ಊಟ ಬಿಟ್ಟರೆ ಸರಿಹೋಗುತ್ತದೆಯೇ?

ಉತ್ತರ: ರಾತ್ರಿಯ ಊಟವನ್ನು ದಯವಿಟ್ಟು ಬಿಡಬೇಡಿ. ಬಸಿರಿನಲ್ಲಿ ತೂಕ ಇಳಿಸಲು ಹೊರಡುವುದು ತಪ್ಪು. ಏರಿಕೆಯ ವೇಗ ತಗ್ಗಿದರೆ ಸಾಕು, ಅದಕ್ಕೆ ನಿಮಗೆ ಇನ್ನೂ ಸಮಯವಿದೆ.

ಎಷ್ಟು ಏರಬೇಕು ಎಂಬುದು ಬಸಿರಿಗೆ ಮೊದಲಿನ ತೂಕದ ಮೇಲೆ ನಿಂತಿದೆ. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಬಿಎಂಐ ನಿಮಗೆ ಸುಮಾರು 21.6 ಆಗುತ್ತದೆ, ಅಂದರೆ ಆರೋಗ್ಯಕರ ತೂಕ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಇಂಥವರು ಒಟ್ಟು 11.5ರಿಂದ 16 ಕಿಲೋ ಏರಬಹುದು. ಬಿಎಂಐ 18.5ಕ್ಕಿಂತ ಕಡಿಮೆ ಇರುವವರಿಗೆ 12.5ರಿಂದ 18, 25 ದಾಟಿದವರಿಗೆ 7ರಿಂದ 11.5, 30 ದಾಟಿದವರಿಗೆ 5ರಿಂದ 9 ಕಿಲೋ. ನಮ್ಮ ಡಾಕ್ಟರುಗಳು ಸಾಮಾನ್ಯವಾಗಿ 10–12 ಕಿಲೋ ಎನ್ನುತ್ತಾರೆ. ಭಾರತೀಯರ ಮೈಯಲ್ಲಿ ಕಡಿಮೆ ತೂಕಕ್ಕೇ ಕೊಬ್ಬು ಹೆಚ್ಚಿರುವುದರಿಂದ ಬಿಎಂಐ 23 ದಾಟಿದರೇ ಇಲ್ಲಿ ಎಚ್ಚರಿಸುವುದುಂಟು.

ಮೊದಲ ಮೂರು ತಿಂಗಳಲ್ಲಿ ಒಂದೆರಡು ಕಿಲೋ, ಆಮೇಲೆ ವಾರಕ್ಕೆ ಸುಮಾರು 400 ಗ್ರಾಂ ಎಂದು ಹಿಡಿದರೆ ಇಷ್ಟು ಹೊತ್ತಿಗೆ ನಿಮಗೆ ನಾಲ್ಕೈದು ಕಿಲೋ ಏರಿರಬೇಕಿತ್ತು. ಎರಡು ಕಿಲೋ ಮುಂದಿದ್ದೀರಿ, ಅಷ್ಟೇ. ಉಳಿದ ವಾರಗಳಲ್ಲಿ 300–400 ಗ್ರಾಮಿನಂತೆ ಏರಿದರೂ ಒಟ್ಟು 13–15 ಕಿಲೋದೊಳಗೆ ನಿಲ್ಲುತ್ತದೆ. ಹಾಗೆಂದು ಒಂದು ವಾರದ ಅಂಕಿ ನೋಡಿ ಹೆದರಬೇಡಿ: ಆಸ್ಪತ್ರೆಯಲ್ಲಿ ಊಟವಾದ ಮೇಲೆ ಚಪ್ಪಲಿ ಹಾಕಿಕೊಂಡು ನಿಂತ ತೂಕಕ್ಕೂ ಮನೆಯಲ್ಲಿ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೋಡಿದ ತೂಕಕ್ಕೂ ಒಂದು ಕಿಲೋ ವ್ಯತ್ಯಾಸ ಸುಲಭವಾಗಿ ಬರುತ್ತದೆ. ಒಂದೇ ಕಾಟಾ, ವಾರದ ಒಂದೇ ದಿನ, ಒಂದೇ ಹೊತ್ತು ಇರಲಿ.

ಏರಿದ್ದೆಲ್ಲ ಕೊಬ್ಬೂ ಅಲ್ಲ. ಹೆರಿಗೆಯ ಹೊತ್ತಿಗೆ ಕೂಸು ಸುಮಾರು ಮೂರು ಕಿಲೋ, ಮಾಸು ಮುಕ್ಕಾಲು ಕಿಲೋದಷ್ಟು, ಗರ್ಭಜಲ ಮತ್ತು ಗರ್ಭಕೋಶ ಸುಮಾರು ಒಂದೊಂದು ಕಿಲೋ ತೂಗುತ್ತವೆ. ಹೆಚ್ಚುವ ರಕ್ತವೇ ಒಂದೂಕಾಲು ಕಿಲೋದಷ್ಟಿರುತ್ತದೆ. ಇದಲ್ಲದೆ ಮೈಯಲ್ಲಿ ನಿಲ್ಲುವ ನೀರು, ಎದೆಯ ಬೆಳವಣಿಗೆ, ಹಾಲೂಡಿಸುವ ದಿನಗಳಿಗೆ ದೇಹ ಕೂಡಿಡುವ ಕೊಬ್ಬು.

ಇನ್ನು "ಇಬ್ಬರ ಊಟ". ಅತ್ತೆಯವರ ಅಕ್ಕರೆ ನಿಜ, ಲೆಕ್ಕ ಮಾತ್ರ ದೊಡ್ಡದಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2020ರ ಶಿಫಾರಸಿನಂತೆ ಬಸುರಿಗೆ ದಿನಕ್ಕೆ ಹೆಚ್ಚಿಗೆ ಬೇಕಾಗುವುದು ಸುಮಾರು 350 ಕ್ಯಾಲರಿ. ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಒಂದು ಹಿಡಿ ಹುರಿದ ಶೇಂಗಾ ಸೇರಿದರೆ ಅದು ತುಂಬಿತು. ಎರಡು ರೊಟ್ಟಿ ಹೆಚ್ಚು ತಿಂದರೂ ಕ್ಯಾಲರಿ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ, ಆದರೆ ಹಾಲಿನ ಸುಣ್ಣದಂಶ ರೊಟ್ಟಿಯಿಂದ ಬರುವುದಿಲ್ಲ.

ಈ ಮಾತಿಗೆ ಪುಣೆಯಲ್ಲೇ ಆಧಾರವಿದೆ. ಇಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಪುಣೆಯ ಸಮೀಪದ ಆರು ಹಳ್ಳಿಗಳ ಬಸುರಿಯರನ್ನು ಅಧ್ಯಯನ ಮಾಡಿದರು. ಒಟ್ಟು ಎಷ್ಟು ಕ್ಯಾಲರಿ ತಿಂದರು ಎಂಬುದಕ್ಕಿಂತ ಸೊಪ್ಪು, ಹಣ್ಣು, ಹಾಲಿನ ಪದಾರ್ಥ ಎಷ್ಟು ಸಲ ತಿಂದರು ಎಂಬುದಕ್ಕೂ ಕೂಸಿನ ಬೆಳವಣಿಗೆಗೂ ಹತ್ತಿರದ ನಂಟು ಕಂಡುಬಂದಿತು. ಆ ಕೂಸುಗಳು ಸರಾಸರಿ 2.7 ಕಿಲೋ ಮಾತ್ರ ತೂಗುತ್ತಿದ್ದವು. ಆದರೂ ತೂಕಕ್ಕೆ ಹೋಲಿಸಿದರೆ ಅವುಗಳ ಮೈಯಲ್ಲಿ ಕೊಬ್ಬು ಹೆಚ್ಚಿತ್ತು, ಮಾಂಸಖಂಡ ಕಡಿಮೆಯಿತ್ತು. ನನ್ನ ಮಟ್ಟಿಗೆ ಪುಣೆಯ ಪ್ರತಿಯೊಬ್ಬ ಬಸುರಿಗೂ ತಿಳಿಸಬೇಕಾದ ಸಂಗತಿ ಇದು.

ಆದ್ದರಿಂದ ಅತ್ತೆಯವರಿಗೆ ಬೇಡ ಎನ್ನುವ ಬದಲು ಬೇರೆಯದನ್ನು ಕೇಳಿ. ಮೂರನೆಯ ರೊಟ್ಟಿಯ ಜಾಗದಲ್ಲಿ ಇನ್ನೊಂದು ಸೌಟು ಮೆಂತ್ಯ ಸೊಪ್ಪಿನ ಪಲ್ಯ ಅಥವಾ ಮಡಕೆಕಾಳಿನ ಉಸಳಿ, ಬಟ್ಟಲು ಮೊಸರು ಇರಲಿ. ಪಲ್ಯದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದರೆ ಸೊಪ್ಪಿನ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಬೇಡ, ಅದು ಕಬ್ಬಿಣವನ್ನು ತಡೆಯುತ್ತದೆ. ತೂಕ ಏರಿಸುವುದು ಬಹಳ ಸಲ ಊಟವಲ್ಲ, ನಡುವಿನ ತಿಂಡಿ: ಸಂಜೆಯ ವಡಾಪಾವ್, ಕಬ್ಬಿನ ಹಾಲು, ಉಪವಾಸದ ಹೆಸರಿನಲ್ಲಿ ತಟ್ಟೆ ತುಂಬ ಸಾಬುದಾಣೆ ಖಿಚಡಿ. ಏಳನೆಯ ತಿಂಗಳಲ್ಲಿ ನಮ್ಮವರ ಕುಬಸ, ನೆರೆಯವರ ಡೋಹಾಳೆ ಜೇವಣ ಎಂದು ಸೀಮಂತದ ಊಟಗಳ ಸಾಲೇ ಬರುತ್ತದೆ. ಆ ದಿನಗಳಲ್ಲಿ ಮನಸಾರೆ ಉಣ್ಣಿ, ಡಬ್ಬಿ ತುಂಬಿ ಬಂದ ಸಿಹಿಯನ್ನು ಮನೆಯವರಿಗೆಲ್ಲ ಹಂಚಿ.

ಕೂಸು ದೊಡ್ಡದಾದರೆ ಹೆರಿಗೆ ಕಷ್ಟವೆಂದು ಕೆಲವರು ಕೊನೆಯ ತಿಂಗಳುಗಳಲ್ಲಿ ಊಟ ತಗ್ಗಿಸುತ್ತಾರೆ. ಅದರಿಂದ ಕೂಸು ಸೊರಗುವ ಅಪಾಯವಿದೆ. ಡಾಕ್ಟರು ಬೇಡವೆಂದಿರದಿದ್ದರೆ ದಿನಕ್ಕೆ ಅರ್ಧ ಗಂಟೆ ನಡೆಯಿರಿ.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ಕೆಲವೇ ದಿನಗಳಲ್ಲಿ ತೂಕ ಒಮ್ಮೆಲೇ ಏರಿ, ಮುಖ ಮತ್ತು ಕೈ ಊದಿಕೊಂಡು, ತಲೆನೋವು, ಕಣ್ಣು ಮಂಜಾಗುವುದು ಅಥವಾ ಹೊಟ್ಟೆಯ ಮೇಲ್ಭಾಗದ ನೋವು ಕಂಡರೆ ಅದು ಊಟದಿಂದಾದದ್ದಲ್ಲ; ರಕ್ತದೊತ್ತಡ ಏರಿರಬಹುದು. ಅಂದೇ ಆಸ್ಪತ್ರೆಗೆ ಹೋಗಿ. ತೂಕ ಬೇಗ ಏರುವವರಲ್ಲಿ ಬಸಿರಿನ ಸಕ್ಕರೆ ಕಾಯಿಲೆಯ ಸಾಧ್ಯತೆಯೂ ಹೆಚ್ಚು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡಿದಾಗ 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸಕ್ಕರೆ ಇದೆ ಎಂದರ್ಥ. ಮೊದಲ ಭೇಟಿಯಲ್ಲಿ ಒಮ್ಮೆ ಮಾಡಿದ್ದರೂ 24ರಿಂದ 28ನೆಯ ವಾರದೊಳಗೆ ಇನ್ನೊಮ್ಮೆ ಮಾಡಬೇಕು. ನಿಮಗೆ ಆ ವಾರಗಳು ಹತ್ತಿರ ಬಂದಿವೆ. ಮುಂದಿನ ಭೇಟಿಯಲ್ಲಿ ಅದಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ.