ಅಧಿಕಾರದ ಮೊತ್ತ ಬೆಳೆಯುತ್ತದಾ? ಪಾರ್ಸನ್ಸ್ ಮತ್ತು ಮರ್ಟನ್ ಓದುವವರಿಗೆ

ಬೇರೆಯವರು ವಿರೋಧಿಸಿದರೂ ತನ್ನ ಇಚ್ಛೆ ನಡೆಸಿಕೊಳ್ಳುವ ಸಾಧ್ಯತೆಯೇ ಅಧಿಕಾರ ಅಂತ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಹೇಳಿದ್ದು ನಿಮಗೆ ಗೊತ್ತು. ಇದರಿಂದ ಬಹಳ ಜನ ಒಂದು ತೀರ್ಮಾನಕ್ಕೆ ಬಂದರು: ಸಮಾಜದಲ್ಲಿ ಅಧಿಕಾರ ಇರುವುದೇ ಇಷ್ಟು, ಒಬ್ಬರಿಗೆ ಜಾಸ್ತಿ ಸಿಕ್ಕರೆ ಇನ್ನೊಬ್ಬರಿಗೆ ಅಷ್ಟು ಕಡಿಮೆ. ಒಂದು ಸಂಸ್ಥೆ ಸಮಾಜದಲ್ಲಿ ಯಾವ ಕೆಲಸ ಮಾಡುತ್ತದೆ ಅಂತ ನೋಡುವ ಕಾರ್ಯಾತ್ಮಕ ದೃಷ್ಟಿಕೋನ ತಕರಾರು ತೆಗೆಯುವುದು ಇಲ್ಲೇ. ಈ ತಕರಾರು ಹಿಡಿದರೆ ಉಳಿದದ್ದು ಸಲೀಸು.

ಈ ದೃಷ್ಟಿಕೋನದ ಸಮಾಜಶಾಸ್ತ್ರಜ್ಞ ಟ್ಯಾಲ್ಕಟ್ ಪಾರ್ಸನ್ಸ್ ಪ್ರಕಾರ ಯಾವ ಸಮಾಜಕ್ಕಾದರೂ ನಾಲ್ಕು ಅಗತ್ಯಗಳಿವೆ: ಪರಿಸರಕ್ಕೆ ಹೊಂದಿಕೊಳ್ಳುವುದು, ಗುರಿ ಸಾಧಿಸುವುದು, ಒಗ್ಗೂಡಿಸುವುದು, ಮೌಲ್ಯಗಳನ್ನು ಉಳಿಸಿಕೊಳ್ಳುವುದು. ರಾಜಕೀಯದ ಪಾಲಿಗೆ ಬರುವುದು ಎರಡನೆಯದು. ಎಲ್ಲರೂ ಒಪ್ಪಿದ ಗುರಿಗಾಗಿ ಜನರನ್ನೂ ಸಂಪನ್ಮೂಲವನ್ನೂ ಕೆಲಸಕ್ಕೆ ಹಚ್ಚುವ ಸಾಮರ್ಥ್ಯವೇ ಅಧಿಕಾರ. ಸಾಮರ್ಥ್ಯ ಅಂದಮೇಲೆ ಅದು ಬೆಳೆಯಬಹುದು, ಕುಗ್ಗಲೂಬಹುದು, ಅಲ್ವಾ?

1963ರ ಪ್ರಬಂಧದಲ್ಲಿ ಅವರು ಅಧಿಕಾರವನ್ನು ಹಣಕ್ಕೆ ಹೋಲಿಸಿದರು. ನೋಟು ಬರೀ ಕಾಗದ. ಮುಂದಿನವರೂ ತೆಗೆದುಕೊಳ್ಳುತ್ತಾರೆ ಅನ್ನುವ ನಂಬಿಕೆ ಇರುವುದರಿಂದ ಅದು ಓಡುತ್ತದೆ. ಆದೇಶವೂ ಹಾಗೇ, ಹೊರಡಿಸಿದವರಿಗೆ ಆ ಹಕ್ಕಿದೆ ಅಂತ ಜನ ಒಪ್ಪುವುದರಿಂದ ನಡೆಯುತ್ತದೆ. ಆಗ ಹಣದ ಹಿಂದೆ ಚಿನ್ನ ಇರುತ್ತಿದ್ದಂತೆ ಅಧಿಕಾರದ ಹಿಂದೆ ಬಲ ಇರುತ್ತದೆ, ಆದರೆ ದಿನಾ ಅದನ್ನೇ ತೆಗೆದು ತೋರಿಸಬೇಕಾದರೆ ನಂಬಿಕೆ ಹೋಗಿದೆ ಎಂದೇ ಅರ್ಥ. ಪೊಲೀಸ್ ನಿಂತಿದ್ದರೆ ಮಾತ್ರ ಕೆಂಪು ದೀಪಕ್ಕೆ ಗಾಡಿ ನಿಲ್ಲುತ್ತದೆ ಅನ್ನಿ, ಆ ಸರ್ಕಾರ ಬಲ ಬಳಸುತ್ತಿದೆ, ಆದರೆ ಅದರ ಅಧಿಕಾರ ಕಡಿಮೆ. ಮತದಾರರು ಬ್ಯಾಂಕಿನಲ್ಲಿ ದುಡ್ಡು ಇಟ್ಟಂತೆ ನಾಯಕರ ಬಳಿ ಅಧಿಕಾರ ಇಡುತ್ತಾರೆ, ಮುಂದಿನ ಚುನಾವಣೆಯಲ್ಲಿ ವಾಪಸ್ ತೆಗೆಯಬಹುದು. ಬ್ಯಾಂಕು ಠೇವಣಿ ಮೇಲೆ ಸಾಲ ಕೊಟ್ಟು ಹಣ ಹೆಚ್ಚಿಸುವ ಹಾಗೆ ನಾಯಕರೂ ಆ ನಂಬಿಕೆಯ ಮೇಲೆ ದೊಡ್ಡ ಯೋಜನೆಗೆ ಕೈ ಹಾಕುತ್ತಾರೆ. ಅಧಿಕಾರದ ಒಟ್ಟು ಮೊತ್ತ ಬೆಳೆಯುವುದು ಹೀಗೆ. ಪರೀಕ್ಷೆಯಲ್ಲಿ ಈ ಹೋಲಿಕೆಯನ್ನು ಪೂರ್ತಿ ಬಿಡಿಸಿ ಬರೆಯಿರಿ, ಸುಮ್ನೆ ಹೆಸರು ಹೇಳಿ ಮುಂದೆ ಹೋಗಬೇಡಿ.

ನನಗೆ ಇದಕ್ಕಿಂತ ಇಷ್ಟವಾಗುವುದು ಅದೇ ದೃಷ್ಟಿಕೋನದ ಇನ್ನೊಬ್ಬ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್. ಅಮೆರಿಕದ ನಗರಗಳಲ್ಲಿ 'ಬಾಸ್' ಅನ್ನುವ ಸ್ಥಳೀಯ ನಾಯಕನ ಹಿಡಿತದಲ್ಲಿದ್ದ ಪಕ್ಷದ ಯಂತ್ರಗಳು, ಅಂದರೆ ಸಹಾಯ ಮಾಡಿ ಮತ ಗಿಟ್ಟಿಸುವ ಪಕ್ಷದ ಸಂಘಟನೆಗಳು, ಭ್ರಷ್ಟ ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ಅವು ಯಾಕೆ ಉಳಿದವು ಅನ್ನುವುದು ಅವರ ಪ್ರಶ್ನೆ. ಉತ್ತರ: ಅವುಗಳಿಗೆ ಸುಪ್ತ ಕಾರ್ಯಗಳಿದ್ದವು, ಅಂದರೆ ಮೇಲ್ನೋಟಕ್ಕೆ ಕಾಣದ, ಯಾರೂ ಉದ್ದೇಶಿಸದ ಉಪಯೋಗಗಳು. ಬಡ ಕುಟುಂಬಕ್ಕೆ ಊಟದ ಬುಟ್ಟಿ, ಕೆಲಸ, ಸಣ್ಣಪುಟ್ಟ ಕೇಸಿನಲ್ಲಿ ಸಿಕ್ಕಿಬಿದ್ದರೆ ಸಹಾಯ, ಇವೆಲ್ಲ ಪಕ್ಷದ ವಾರ್ಡಿನ ಮನುಷ್ಯನಿಂದ ಬರುತ್ತಿದ್ದವು. ಸರ್ಕಾರಿ ನೆರವಿನಂತೆ ನೂರೆಂಟು ವಿಚಾರಣೆ ಇಲ್ಲ, ಮಾನವೂ ಉಳಿಯುತ್ತಿತ್ತು. ವ್ಯಾಪಾರಿಗಳಿಗೆ ಬೇಕಾದ ಅನುಕೂಲ ಸಿಗುತ್ತಿತ್ತು, ಬೇರೆ ದಾರಿ ಮುಚ್ಚಿದ್ದವರಿಗೆ ಮೇಲೇರಲು ಒಂದು ಏಣಿಯೂ ಆಗಿತ್ತು. ಆ ಕೆಲಸಗಳಿಗೆ ಬೇರೆ ವ್ಯವಸ್ಥೆ ಮಾಡದೆ ಯಂತ್ರವನ್ನು ಮಾತ್ರ ಕಿತ್ತುಹಾಕಿದರೆ ಸುಧಾರಣೆ ಬಾಳುವುದಿಲ್ಲ ಅಂತ ಅವರು ವಾದಿಸಿದರು. ಇದು ಭ್ರಷ್ಟಾಚಾರದ ಸಮರ್ಥನೆ ಅಲ್ಲ. ಒಂದು ಸಂಸ್ಥೆ ಏನು ಮಾಡುತ್ತದೆ ಅಂತ ಹೇಳುವುದೇ ಬೇರೆ, ಅದು ಒಳ್ಳೆಯದು ಅನ್ನುವುದೇ ಬೇರೆ.

ಇನ್ನು ಟೀಕೆ. ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1956ರಲ್ಲಿ ಅಮೆರಿಕದ ದೊಡ್ಡ ನಿರ್ಧಾರಗಳು ಕಂಪನಿ, ಸೇನೆ, ಸರ್ಕಾರಗಳ ತುದಿಯಲ್ಲಿರುವ ಕೆಲವರ ಕೈಯಲ್ಲಿವೆ ಅಂದರು. ಅದನ್ನು ವಿಮರ್ಶಿಸುತ್ತಾ ಪಾರ್ಸನ್ಸ್, ಮಿಲ್ಸ್ ನೋಡುವುದು ಹಂಚಿಕೆಯನ್ನು ಮಾತ್ರ, ಅಧಿಕಾರ ಹುಟ್ಟುವುದನ್ನಲ್ಲ ಎಂದರು. 1968ರಲ್ಲಿ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಆಂಥನಿ ಗಿಡೆನ್ಸ್ ತಿರುಗಿಸಿ ಕೇಳಿದ್ದು ನನಗೆ ಸರಿ ಅನಿಸುತ್ತದೆ: ಜನ ಒಪ್ಪಿದ್ದನ್ನೇ ಅಧಿಕಾರ ಅಂತ ವ್ಯಾಖ್ಯಾನಿಸಿಬಿಟ್ಟರೆ, ಒಬ್ಬರು ಇನ್ನೊಬ್ಬರ ಮೇಲೆ ನಡೆಸುವ ದಬ್ಬಾಳಿಕೆ ಕಣ್ಣಿಗೇ ಬೀಳುವುದಿಲ್ಲ. 'ಸಮಾಜದ ಗುರಿ' ಅಂತ ಬರೆಯುವಾಗ ಅದನ್ನು ಗೊತ್ತು ಮಾಡಿದವರು ಯಾರು, ಅದಕ್ಕೆ ಬೆಲೆ ತೆತ್ತವರು ಯಾರು ಅಂತ ಒಂದು ಸಾಲು ಸೇರಿಸಿ. ಮರ್ಟನ್ ಈ ಪ್ರಶ್ನೆಗೆ ಜಾಗ ಬಿಟ್ಟಿದ್ದರು. ಒಂದೇ ಸಂಸ್ಥೆ ಒಂದು ಗುಂಪಿಗೆ ಅನುಕೂಲವಾಗಿ ಇನ್ನೊಂದಕ್ಕೆ ಹಾನಿ ಮಾಡಬಹುದು ಅಂತ ಅವರೇ ಬರೆದಿದ್ದಾರೆ.